ಕುಸಿದ ಕಾಂಕ್ರೀಟ್ ದಾರಿಯ ಮೇಲೆ ತೆಳು ಕೋಟ್ ಹಾಕಿಸಬೇಡಿ

ಗೇಟಿನಿಂದ ಬಾಗಿಲಿನವರೆಗಿನ ಕಾಂಕ್ರೀಟ್ ದಾರಿ ಒಡೆದು ಕುಸಿದಿದ್ದರೆ, ಅದರ ಮೇಲೆಯೇ ಒಂದು ಇಂಚು ಸಿಮೆಂಟ್ ಕೋಟ್ ಹೊಡೆದುಕೊಡುತ್ತೇವೆ ಅನ್ನುವವರಿಗೆ ದಯವಿಟ್ಟು ಕೆಲಸ ಕೊಡಬೇಡಿ. ನಮ್ಮ ಮನೆಯಲ್ಲಿ ಬೇಸಿಗೆಯಲ್ಲಿ ಮಾಡಿದ ಇಂಥ ಕೆಲಸ ಮಳೆಗಾಲ ಮುಗಿಯುವ ಮೊದಲೇ ಕಿತ್ತು ಬಂತು. ದುಡ್ಡು ಹೋಗಿದ್ದು ಒಂದು ಕಡೆ ಇರಲಿ. ಎದ್ದ ಅಂಚಿಗೆ ಕಾಲು ತಾಗಿ ನಮ್ಮ ಅತ್ತೆ ಬಿದ್ದರು, ಮಣಿಕಟ್ಟು ಮುರಿಯಿತು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮದು ಹುಬ್ಬಳ್ಳಿ, ಎರೆಮಣ್ಣಿನ ನೆಲ. ಈ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ವರ್ಷ ವರ್ಷವೂ ಇದೇ. ಮೇಲಿನ ಕಾಂಕ್ರೀಟ್ ಒಂದು ಕಡೆ ಏಳುತ್ತದೆ, ಇನ್ನೊಂದು ಕಡೆ ಇಳಿಯುತ್ತದೆ, ಕೊನೆಗೆ ಒಡೆಯುತ್ತದೆ. ಅಂದರೆ ರೋಗ ಇರುವುದು ಕೆಳಗೆ.

ನಮ್ಮಲ್ಲಿಗೆ ಬಂದ ಗುತ್ತಿಗೆದಾರ ಕೆಳಗೆ ನೋಡಲೇ ಇಲ್ಲ. "ಒಡಿಯೋದ್ ಯಾಕ್ರಿ ಅಕ್ಕಾರ, ಸುಮ್ನ ಖರ್ಚು. ಮ್ಯಾಲೆ ಒಂದ್ ಕೋಟ್ ಹೊಡದ್ರ ಹೊಸಾದಂಗ ಆಗತೈತಿ" ಅಂದ. ತಾರಸಿಯ ಮಳೆನೀರಿನ ಪೈಪ್ ಅದೇ ದಾರಿಯ ಪಕ್ಕ ನೀರು ಸುರಿಯುತ್ತಿತ್ತು. ಅದು ಎಲ್ಲಿಗೆ ಹೋಗುತ್ತದೆ ಅಂತ ಒಂದು ಮಾತು ಕೇಳಲಿಲ್ಲ. ಹಳೆಯ ಕಾಂಕ್ರೀಟ್ ಗುಡಿಸಿದರು, ಎರಡು ಕೊಡ ನೀರು ಚೆಲ್ಲಿದರು, ಪಾಚಿ ಹಾಗೇ ಇತ್ತು. ಅದರ ಮೇಲೆ ಉಸುಕು ಸಿಮೆಂಟ್ ಕಲಸಿ ಬಳಿದರು. ಸುಲಭವಾಗಿ ಹರಡಲಿ ಅಂತ ನೀರು ಜಾಸ್ತಿ ಹಾಕಿದ್ದರು. ಮೇಲೆ ತೇಲಿ ಬಂದ ನೀರು ಹೀರಲು ಒಣ ಸಿಮೆಂಟ್ ಉದುರಿಸಿ ಕರಣೆಯಿಂದ ನುಣುಪು ಮಾಡಿದರು. ಆ ದಿನ ಕನ್ನಡಿ ಹಾಗೆ ಹೊಳೆಯುತ್ತಿತ್ತು.

ಹೀಗೆ ಒಣ ಸಿಮೆಂಟ್ ಉದುರಿಸುವುದು ನಮ್ಮ ಕಡೆ ಮಾಮೂಲು. ಆದರೆ ಅದು ಕೆಟ್ಟ ಪದ್ಧತಿ. ಮೇಲೊಂದು ದುರ್ಬಲ ಪದರ ಆಗುತ್ತದೆ, ಕೆಲವೇ ವಾರಗಳಲ್ಲಿ ಪುಡಿ ಪುಡಿಯಾಗಿ ಪೊರಕೆಗೆ ಬರಲು ಶುರುವಾಗುತ್ತದೆ. ಹೊಸ ಕೋಟ್ ಒಣಗುವಾಗ ಕುಗ್ಗುತ್ತದೆ, ಎಂದೋ ಕುಗ್ಗಿ ಮುಗಿದ ಹಳೆಯ ಕಾಂಕ್ರೀಟ್ ಅದರ ಜೊತೆ ಕುಗ್ಗುವುದಿಲ್ಲ. ನಡುವೆ ಪಾಚಿ, ದೂಳು ಬೇರೆ. ಹಿಡಿತ ಎಲ್ಲಿಂದ ಬರಬೇಕು? ಹಳೆಯ ಬಿರುಕುಗಳೆಲ್ಲ ಹೊಸ ಕೋಟಿನಲ್ಲೂ ಅದೇ ಜಾಗದಲ್ಲಿ, ಅದೇ ಗೆರೆಯಲ್ಲಿ ಬಂದವು. ಮಳೆ ಹಿಡಿದ ಮೇಲೆ ಕೋಟ್ ಹಕ್ಕಳೆ ಹಕ್ಕಳೆಯಾಗಿ ಎದ್ದಿತು.

ಇನ್ನೂ ಎರಡು ಅನಾಹುತ ಮಾಡಿಟ್ಟಿದ್ದರು. ಕೋಟ್ ಹಾಕಿ ದಾರಿ ಎತ್ತರವಾಗಿ, ಇಳಿಜಾರು ಮನೆಯ ಕಡೆಗೇ ಆಯಿತು. ಜೋರು ಮಳೆಗೆ ನೀರು ಹೊಸ್ತಿಲ ಹತ್ತಿರ ನಿಲ್ಲತೊಡಗಿತು. ಜೊತೆಗೆ ಬಚ್ಚಲ ನೀರಿನ ಪೈಪ್ ಸ್ವಚ್ಛ ಮಾಡುವ ಗುಂಡಿಯ (ಚೇಂಬರ್) ಮುಚ್ಚಳದ ಮೇಲೂ ಸಿಮೆಂಟ್ ಬಳಿದುಬಿಟ್ಟಿದ್ದರು. ಬಚ್ಚಲ ನೀರು ಕಟ್ಟಿಕೊಂಡಾಗ ಅದನ್ನು ಒಡೆದೇ ತೆಗೆಯಬೇಕಾಯಿತು. ಗುತ್ತಿಗೆದಾರ ಮುಕ್ಕಾಲು ಹಣ ಮೊದಲೇ ತೆಗೆದುಕೊಂಡಿದ್ದ. ಆಮೇಲೆ ಫೋನ್ ಎತ್ತಲಿಲ್ಲ.

ಆಮೇಲೆ ಬಂದ ಹಿರಿಯ ಗೌಂಡಿ ಮಾಡಿದ ಮೊದಲ ಕೆಲಸವೇ ಬೇರೆ. ಹಾರೆಯ ಹಿಂಭಾಗದಿಂದ ಉದ್ದಕ್ಕೂ ಕುಟ್ಟುತ್ತಾ ಬಂದರು. ಗಟ್ಟಿ ಇದ್ದ ಕಡೆ ಟಣ್ ಅಂತ ಸದ್ದು, ಪೈಪಿನ ಹತ್ತಿರ ಡಬ್ ಡಬ್. ಅಲ್ಲಿ ಒಂದು ತುಂಡು ಎಬ್ಬಿಸಿದರೆ ಕೆಳಗೆ ಮುಂಗೈ ಹೋಗುವಷ್ಟು ಟೊಳ್ಳು. ಮಣ್ಣು ಕೊಚ್ಚಿ ಹೋಗಿ ಕಾಂಕ್ರೀಟ್ ಆಧಾರವೇ ಇಲ್ಲದೆ ನಿಂತಿತ್ತು. "ಇದರ ಮ್ಯಾಲೆ ಏನ್ ಬಳದ್ರೂ ನಿಂದ್ರಂಗಿಲ್ರಿ ತಂಗಿ" ಅಂದರು.

ಪೂರ್ತಿ ಒಡೆದು ತೆಗೆದೆವು. ಎರೆಮಣ್ಣು ಒಂದೂವರೆ ಅಡಿ ಅಗೆದು, ಗರಸು (ಮೊರಂ ಮಣ್ಣು) ತುಂಬಿ, ಅರ್ಧ ಅಡಿಗೊಮ್ಮೆ ನೀರು ಹೊಡೆದು ದಮ್ಮಸು ಮಾಡಿ ಗಟ್ಟಿಯಾಗಿ ಕುಟ್ಟಿದರು. ಅದರ ಮೇಲೆ 3 ಇಂಚು ಬೆಡ್ (ತಳಹಾಸು), ಆಮೇಲೆ 4 ಇಂಚು ಕಾಂಕ್ರೀಟ್. ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಉಸುಕು, 3 ಪಾಲು ಕಡಿ (ಜಲ್ಲಿ). 50 ಕೆಜಿ ಚೀಲಕ್ಕೆ ನೀರು 25ರಿಂದ 27 ಲೀಟರ್, ಉಸುಕು ಒದ್ದೆ ಇದ್ದರೆ ಇನ್ನೂ ಕಡಿಮೆ. 4 ಅಡಿ ಅಗಲದ ದಾರಿಗೆ ಸುಮಾರು 1 ಇಂಚು ಇಳಿಜಾರು, ಮನೆಯಿಂದ ಹೊರಗಡೆಗೆ. 4 ಅಡಿಗೊಂದು ಜಾಯಿಂಟ್ ಕೊಟ್ಟರು, ಬಿರುಕು ಬಿಟ್ಟರೂ ಆ ಗೆರೆಯಲ್ಲೇ ಬಿಡಲಿ ಅಂತ. ಮೇಲ್ಭಾಗಕ್ಕೆ ಪೊರಕೆಯಿಂದ ಗೀರು ಎಳೆದು ಒರಟು ಮಾಡಿದರು. ನುಣುಪು ಸಿಮೆಂಟ್ ಮಳೆಯಲ್ಲಿ ಜಾರುತ್ತದೆ, ವಯಸ್ಸಾದವರಿರುವ ಮನೆಗೆ ಅದು ಬೇಡವೇ ಬೇಡ. ತಾರಸಿ ಪೈಪನ್ನು ಗಟಾರದವರೆಗೆ ಮುಂದುವರಿಸಿದ್ದು ಎಲ್ಲಕ್ಕಿಂತ ಮುಖ್ಯ.

ಕ್ಯೂರಿಂಗ್, ಅಂದರೆ ಹಾಕಿದ ಕಾಂಕ್ರೀಟನ್ನು ದಿನಗಟ್ಟಲೆ ಒದ್ದೆಯಾಗಿ ಇಡುವ ವಿಷಯಕ್ಕೆ ಜಗಳವಾದರೂ ಬಿಡಬೇಡಿ. ನಮ್ಮ ಮೊದಲ ಗುತ್ತಿಗೆದಾರ "ಮೂರು ದಿನ ಸಾಕ್ರಿ" ಅಂದಿದ್ದ. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಸಾಮಾನ್ಯ ಸಿಮೆಂಟಿಗೇ ಕನಿಷ್ಠ 7 ದಿನ ಬೇಕು. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿಗೆ ಕನಿಷ್ಠ 10 ದಿನ, ಒಣ ಬಿಸಿಲಿನಲ್ಲಿ 14 ದಿನ. ಗೋಣಿಚೀಲ ಹಾಸಿ ಅದು ಒಣಗದಂತೆ ನೋಡಿಕೊಳ್ಳಿ.

ಎಲ್ಲ ಬಿರುಕಿಗೂ ಒಡೆಯಬೇಕು ಅಂತ ನಾನು ಹೇಳುತ್ತಿಲ್ಲ. ಕಾಂಕ್ರೀಟ್ ಸಮವಾಗಿದ್ದು, ಕುಟ್ಟಿದರೆ ಗಟ್ಟಿ ಸದ್ದು ಬಂದು, ಸಣ್ಣ ಬಿರುಕು ಮಾತ್ರ ಇದ್ದರೆ ಅದನ್ನು ಕೊರೆದು ತೊಳೆದು ತುಂಬಿದರೆ ಸಾಕು. ಕುಸಿದಿದ್ದರೆ, ಕಾಲಿಟ್ಟಾಗ ಅಲುಗಿದರೆ ಒಡೆಯಲೇಬೇಕು. ಹಣದ ಒಂದು ಪಾಲನ್ನು ಮೊದಲ ದೊಡ್ಡ ಮಳೆಯ ನಂತರ ಕೊಡುತ್ತೇನೆ ಅಂತ ಬರೆದುಕೊಳ್ಳಿ. ನಮ್ಮ ಹಿರಿಯ ಗೌಂಡಿ ಒಂದು ಮಾತೂ ಆಡದೆ ಒಪ್ಪಿದರು.

ಈಗಾಗಲೇ ಕೋಟ್ ಹಾಕಿಸಿದ್ದರೆ ಒಮ್ಮೆ ಉದ್ದಕ್ಕೂ ಕುಟ್ಟಿ ನೋಡಿ. ಎದ್ದ ಅಂಚು ಕಂಡರೆ ದೊಡ್ಡ ಕೆಲಸಕ್ಕೆ ಕಾಯಬೇಡಿ. ಇವತ್ತೇ ಒಡೆದು ತೆಗೆದು ಗರಸು ತುಂಬಿ ಸಮ ಮಾಡಿಬಿಡಿ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ಯಾರೂ ಎಡವಿ ಬೀಳುವುದಿಲ್ಲ.