ಸೆರಾಮಿಕ್ಕೋ ವಿಟ್ರಿಫೈಡ್ಡೋ, ಚದರಡಿ ಲೆಕ್ಕವೋ ದಿನಗೂಲಿಯೋ: ಒಂದೇ ಮನೆಯ ಎರಡು ಅಂತಸ್ತುಗಳ ಹೋಲಿಕೆ

ಮೈಸೂರಿನ ನಮ್ಮ ಮನೆಯ ಕೆಳಗಿನ ಅಂತಸ್ತಿಗೆ ದಿನಗೂಲಿಯ ಮೇಸ್ತ್ರಿಯೊಬ್ಬರಿಂದಲೂ, ಮೇಲಿನ ಅಂತಸ್ತಿಗೆ ಚದರಡಿ ಲೆಕ್ಕದಲ್ಲಿ ಕೆಲಸ ಹಿಡಿಯುವ ತಂಡದಿಂದಲೂ ಟೈಲ್ಸ್ ಹಾಕಿಸಿದೆವು. ಕೆಳಗಿನ ಬಚ್ಚಲುಮನೆ ಮತ್ತು ಅಡುಗೆಮನೆಯ ಗೋಡೆಗಳಿಗೆ ಸೆರಾಮಿಕ್, ಮೇಲಿನ ಬಚ್ಚಲುಮನೆಯ ಗೋಡೆಗೆ ವಿಟ್ರಿಫೈಡ್, ಅಂದರೆ ಹೆಚ್ಚು ಶಾಖದಲ್ಲಿ ಸುಟ್ಟು ಗಾಜಿನಂತೆ ಗಟ್ಟಿಗೊಳಿಸಿದ ಟೈಲ್. ಎರಡನ್ನೂ ದಿನವೂ ಬಳಸಿ, ತೊಳೆದು, ಒರೆಸಿ ನೋಡಿದ ಮೇಲೆ ನನ್ನ ಅಭಿಪ್ರಾಯ ಇಷ್ಟು: ಗೋಡೆಗೆ ಸೆರಾಮಿಕ್ ಸಾಕು, ನೆಲಕ್ಕೆ ಹೊಳಪಿಲ್ಲದ ಮ್ಯಾಟ್ ಮೇಲ್ಮೈಯ ವಿಟ್ರಿಫೈಡ್ ಬೇಕು, ಹಾಲ್‌ಗೆ ಚದರಡಿ ಲೆಕ್ಕ ಸರಿ, ಬಚ್ಚಲುಮನೆಗೆ ದಿನಗೂಲಿಯೇ ಲೇಸು.

ಅಂಗಡಿಗಳಲ್ಲಿ ಕಾಣುವ ಮಾಲಿನ ಬಹುಪಾಲು ಗುಜರಾತಿನ ಮೋರ್ಬಿಯಿಂದ ಬರುತ್ತದೆ. ಅಲ್ಲಿನ ಎರಡು ಜಾತಿಯ ಟೈಲ್‌ಗಳಿಗೆ ಇರುವ ಮುಖ್ಯ ಅಂತರ ನೀರು ಹೀರುವ ಗುಣದಲ್ಲಿದೆ. ಗೋಡೆಯ ಸೆರಾಮಿಕ್ ಟೈಲ್ ಸಾಮಾನ್ಯವಾಗಿ ತನ್ನ ತೂಕದ ಶೇಕಡಾ 10ಕ್ಕಿಂತ ಹೆಚ್ಚು ನೀರು ಹೀರಿದರೆ, ವಿಟ್ರಿಫೈಡ್ ಹೀರುವುದು ಶೇಕಡಾ 0.5 ಅಥವಾ ಅದಕ್ಕೂ ಕಡಿಮೆ. ಅಂಗಡಿಯಲ್ಲೇ ಟೈಲನ್ನು ಮಗುಚಿ ಹಿಂಬದಿಗೆ ಒಂದು ಚಮಚ ನೀರು ಬಿಟ್ಟರೆ, ಸೆರಾಮಿಕ್ಕಿನ ಬೆನ್ನಿನಲ್ಲಿ ಅದು ನೋಡುನೋಡುತ್ತಲೇ ಇಂಗಿ ಕಪ್ಪು ಕಲೆಯಾಗುತ್ತದೆ. ವಿಟ್ರಿಫೈಡ್ ಬೆನ್ನಿನಲ್ಲಿ ಹನಿಯಾಗಿಯೇ ನಿಲ್ಲುತ್ತದೆ.

ಕೆಲಸದ ವಿಧಾನವನ್ನು ನಿರ್ಧರಿಸುವುದೂ ಇದೇ ಗುಣ. ಕೆಳಗಿನ ಮೇಸ್ತ್ರಿಯವರು 12x18 ಇಂಚಿನ ಸೆರಾಮಿಕ್ ಟೈಲ್‌ಗಳನ್ನು ಹಿಂದಿನ ದಿನವೇ ನೀರಿನ ಡ್ರಮ್ಮಿನಲ್ಲಿ ನೆನೆಹಾಕಿ, ಬೆಳಿಗ್ಗೆ ತೆಗೆದು ಒರಗಿಸಿ ನೀರು ಇಳಿಸಿ, ಆಮೇಲೆ ಸಿಮೆಂಟ್ ಗಾರೆಯಲ್ಲಿ ಕೂರಿಸಿದರು. ನೆನೆಸದೆ ಹಚ್ಚಿದರೆ ಟೈಲ್ ಗಾರೆಯ ನೀರನ್ನೇ ಎಳೆದುಕೊಂಡು, ಸಿಮೆಂಟು ಗಟ್ಟಿಯಾಗುವ ಮೊದಲೇ ಒಣಗಿಸಿಬಿಡುತ್ತದೆ. ಮೇಲಿನ 2x4 ಅಡಿಯ ವಿಟ್ರಿಫೈಡ್‌ಗೆ ನೆನೆಸುವ ಅಗತ್ಯವಿಲ್ಲ; ಆದರೆ ಬರಿಯ ಸಿಮೆಂಟ್ ಹಾಲು ಅದರ ನುಣುಪು ಬೆನ್ನಿಗೆ ಹಿಡಿಯುವುದಿಲ್ಲವಾದ್ದರಿಂದ ಟೈಲ್ ಅಂಟನ್ನೇ ಬಳಸಬೇಕು. ಅಂದರೆ ಟೈಲಿನ ದರದ ಮೇಲೆ ಅಂಟಿನ ಚೀಲಗಳ ಖರ್ಚೂ ಸೇರುತ್ತದೆ. ಗೀಸರ್ ಮತ್ತು ಟವೆಲ್ ಕಂಬಿ ಕೂರಿಸುವಾಗ ಸೆರಾಮಿಕ್ ಗೋಡೆಯಲ್ಲಿ ತೂತು ಸಲೀಸಾಗಿ ಬಿತ್ತು; ವಿಟ್ರಿಫೈಡ್ ಗೋಡೆಗೆ ಡೈಮಂಡ್ ಬಿಟ್ (ವಜ್ರದ ಪುಡಿ ಕೂರಿಸಿದ ಡ್ರಿಲ್ ಮೊನೆ) ತರಿಸಬೇಕಾಯಿತು. ದೊಡ್ಡ ಟೈಲ್‌ನಲ್ಲಿ ಸಂದುಗಳು ಕಡಿಮೆ ಎಂಬ ಲಾಭ ಇರುವುದು ನಿಜ, ಆದರೆ ಬಚ್ಚಲುಮನೆಯ ಗೋಡೆಯ ಮೇಲೆ ಯಾರೂ ನಡೆಯುವುದಿಲ್ಲ. ಅಷ್ಟು ಗಟ್ಟಿತನಕ್ಕೆ ಹಣ ಕೊಡುವ ಕಾರಣ ನನಗೆ ಕಾಣಲಿಲ್ಲ. ಅಡುಗೆಮನೆಯಲ್ಲೂ ಒಗ್ಗರಣೆಯ ಎಣ್ಣೆ, ಅರಿಸಿನ ಸೆರಾಮಿಕ್ಕಿನ ಮೆರುಗಿಗೆ ಅಂಟದೆ ಒರೆಸಿದರೆ ಹೋಗುತ್ತವೆ. ಕಲೆ ಕೂರುವುದು ಸಂದಿನಲ್ಲಿ. ಒಲೆಯ ಹಿಂದಿನ ಭಾಗಕ್ಕಾದರೂ ಎಪಾಕ್ಸಿ ಗ್ರೌಟ್ (ಸಂದಿ ತುಂಬುವ, ಕಲೆ ಸುಲಭವಾಗಿ ಹಿಡಿಯದ ರಾಳದ ಮಿಶ್ರಣ) ಹಾಕಿಸುವುದು ಒಳ್ಳೆಯದು.

ನೆಲದ ವಿಷಯದಲ್ಲಿ ಲೆಕ್ಕ ತಿರುಗುತ್ತದೆ. ಬಾಗಿಲ ಬಳಿ ಚಪ್ಪಲಿಯೊಡನೆ ಬರುವ ಮರಳು ಸೆರಾಮಿಕ್ಕಿನ ಮೇಲಿನ ಮೆರುಗನ್ನು ಕ್ರಮೇಣ ಸವೆಸುತ್ತದೆ, ಸವೆದಾಗ ಒಳಗಿನ ಮಣ್ಣಿನ ಬಣ್ಣ ಕಾಣಿಸುತ್ತದೆ. ಕೆಳಗಿನ ಹಾಲ್‌ಗೆ ಹಾಕಿದ 2x2 ಅಡಿಯ ಮ್ಯಾಟ್ ವಿಟ್ರಿಫೈಡ್ ಈ ತೊಂದರೆ ಕೊಟ್ಟಿಲ್ಲ, ಒದ್ದೆ ಕಾಲಿಗೂ ಜಾರುವುದಿಲ್ಲ. ಮೇಲಿನ ಹಾಲ್‌ಗೆ ಹಾಕಿದ 2x4 ಅಡಿಯ ಹೊಳಪಿನ ಟೈಲ್ ಅಂಗಡಿಯ ದೀಪದಡಿ ಬಹಳ ಚೆನ್ನಾಗಿತ್ತು. ಮನೆಯಲ್ಲಿ ಸಂಜೆಯ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಾಗ ಅಕ್ಕಪಕ್ಕದ ಟೈಲ್‌ಗಳ ಅಂಚಿನ ಏರುಪೇರು ಗೆರೆ ಎಳೆದಂತೆ ಎದ್ದು ಕಾಣುತ್ತದೆ. ಉದ್ದನೆಯ ಟೈಲ್ ನಡುವೆ ಕೂದಲೆಳೆಯಷ್ಟು ಉಬ್ಬಿರುವುದು ಸಹಜ. ಇಟ್ಟಿಗೆ ಕಟ್ಟಡದಂತೆ ಅರ್ಧಕ್ಕರ್ಧ ಸರಿಸಿ ಕೂರಿಸಿದರೆ ಒಂದರ ಉಬ್ಬಿನ ಪಕ್ಕಕ್ಕೆ ಇನ್ನೊಂದರ ಅಂಚು ಬರುತ್ತದೆ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸರಿಸಬಾರದೆಂಬುದು ಇದಕ್ಕಾಗಿಯೇ. ಎರಡು ಟೈಲ್‌ಗಳನ್ನು ಮುಖಕ್ಕೆ ಮುಖ ಒತ್ತಿ ಹಿಡಿದು, ಅಂಚಿನ ಸಂದಿಯಲ್ಲಿ ಬೆಳಕು ಎಷ್ಟು ಕಾಣುತ್ತದೆಂದು ನೋಡಿದರೆ ಉಬ್ಬಿನ ಅಂದಾಜು ಅಂಗಡಿಯಲ್ಲೇ ಸಿಗುತ್ತದೆ.

ಇನ್ನು ಮೇಸ್ತ್ರಿಗಳು. ಚದರಡಿ ಲೆಕ್ಕದ ತಂಡ ವೇಗವಾಗಿ ಕೆಲಸ ಮುಗಿಸಿತು, ಕಟಿಂಗ್ ಯಂತ್ರದಿಂದ ರಸಮಟ್ಟದವರೆಗೆ ಎಲ್ಲವನ್ನೂ ತಾವೇ ತಂದರು, ಖರ್ಚು ಎಷ್ಟೆಂದು ಮೊದಲೇ ಗೊತ್ತಿತ್ತು. ಆದರೆ ಸ್ಕರ್ಟಿಂಗ್‌ಗೆ (ಗೋಡೆಯ ಬುಡದ ಪಟ್ಟಿಗೆ) ಅಡಿ ಲೆಕ್ಕ ಬೇರೆ, ಮೆಟ್ಟಿಲಿನ ಮೋಲ್ಡಿಂಗ್‌ಗೆ (ಅಂಚು ದುಂಡಗೆ ಉಜ್ಜುವುದಕ್ಕೆ) ಬೇರೆ ಎಂಬುದು ಬಿಲ್ಲಿನಲ್ಲಿ ಗೊತ್ತಾಗುವ ಬದಲು ಒಪ್ಪಂದದಲ್ಲೇ ಬರೆದಿರಬೇಕು. ಅವರಿಗೆ ಲಾಭ ಇರುವುದು ವಿಶಾಲವಾದ ಜಾಗದಲ್ಲಿ. ತುಂಡು ಕತ್ತರಿಸಬೇಕಾದ ಮೂಲೆಗಳಲ್ಲಿ ಸಮಯ ಹೋಗುತ್ತದೆಯೇ ಹೊರತು ಚದರಡಿ ಏರುವುದಿಲ್ಲ. ಹಾಗಾಗಿ ಅಂಚಿನ ಆ ಏರುಪೇರು ಬಿಟ್ಟರೆ ಹಾಲ್ ಅಚ್ಚುಕಟ್ಟಾಗಿತ್ತು, ಬಚ್ಚಲುಮನೆಯ ಗೋಡೆಯಲ್ಲಿ ಅವಸರ ಇಣುಕಿತು. ನಾಣ್ಯದಿಂದ ತಟ್ಟಿ ನೋಡಿದಾಗ ಕೆಲವು ಟೈಲ್‌ಗಳು ಅಲ್ಲಲ್ಲಿ ಟೊಳ್ಳು ಸದ್ದು ಮಾಡಿದವು: ಹಲ್ಲುಕರಣೆಯಿಂದ (ಅಂಚಿನಲ್ಲಿ ಹಲ್ಲುಗಳಿರುವ ಕರಣೆಯಿಂದ) ಅಂಟನ್ನು ಪೂರ್ತಿ ಎಳೆಯುವ ಬದಲು ನಾಲ್ಕು ಮೂಲೆಗೂ ನಡುವಿಗೂ ಒಂದೊಂದು ಮುದ್ದೆ ಇಟ್ಟು ಒತ್ತಿದ್ದರು. ಆ ಟೈಲ್‌ಗಳನ್ನು ಅವರಿಂದಲೇ ತೆಗೆಸಿ ಮತ್ತೆ ಹಾಕಿಸಿದೆವು.

ದಿನಗೂಲಿಯ ಮೇಸ್ತ್ರಿಯವರ ಕೆಲಸ ನಿಧಾನ, ಕಾಫಿಗೂ ಹೊತ್ತು ಬೇಕು, ಮನೆಯವರೊಬ್ಬರು ಇರಲೇಬೇಕು. ಆದರೆ ಬಚ್ಚಲುಮನೆಯಲ್ಲಿ ಅವರು ಗಾರೆ ಕಲೆಸುವ ಮೊದಲು ಟೈಲ್‌ಗಳನ್ನು ಒಣಗಾಗಿ ಹರಡಿ, ತುಂಡು ಯಾವ ಗೋಡೆಯ ಬುಡಕ್ಕೆ ಬಂದರೆ ಬಾಗಿಲಿಂದ ಕಾಣದು ಎಂದು ಲೆಕ್ಕ ಹಾಕಿದರು. ಅಲ್ಲಿನ ನೆಲಕ್ಕೆ ಒಂದಡಿ ಚೌಕದ ಮ್ಯಾಟ್ ಟೈಲ್ ಆರಿಸಿದ್ದೂ ಅವರೇ. ನೀರು ಹೋಗುವ ಜಾಲಿಯ ಕಡೆಗೆ ಅಡಿಗೆ 3ರಿಂದ 4 ಮಿಲಿಮೀಟರ್ ಇಳಿಜಾರು ಕೊಡುವಾಗ ಸಣ್ಣ ಟೈಲ್ ಸುಲಭವಾಗಿ ಹೊಂದಿಕೊಳ್ಳುತ್ತದೆ, ದೊಡ್ಡದನ್ನು ಕರ್ಣಕ್ಕೆ ಕತ್ತರಿಸಬೇಕಾಗುತ್ತದೆ. ಸಂದಿಗೆ ಗ್ರೌಟ್ ತುಂಬುವ ಮೊದಲು ಒಂದು ಬಕೆಟ್ ನೀರು ಸುರಿದು, ಅದು ಎಲ್ಲಿಯೂ ನಿಲ್ಲದೆ ಜಾಲಿಗೆ ಹೋಗುವುದನ್ನು ತೋರಿಸಿದರು. ಮೇಲಿನ ಬಚ್ಚಲುಮನೆಯಲ್ಲಿ ಈಗಲೂ ಬಾಗಿಲ ಬಳಿ ಒಂದು ಅಂಗೈ ಅಗಲದಷ್ಟು ನೀರು ಉಳಿಯುತ್ತದೆ. ಒರೆಸುವ ಕೆಲಸ ದಿನವೂ ಇದ್ದೇ ಇದೆ.

ಯಾರನ್ನೇ ಕರೆದರೂ ಎಲ್ಲ ಡಬ್ಬಗಳ ಮೇಲೆ ಬ್ಯಾಚ್ ಮತ್ತು ಶೇಡ್ ಸಂಖ್ಯೆ ಒಂದೇ ಇದೆಯೇ ಎಂದು ನೋಡಿ, ಶೇಕಡಾ 5ರಿಂದ 10ರಷ್ಟು ಹೆಚ್ಚಿಗೆ ಒಟ್ಟಿಗೇ ತರಬೇಕು. ಬಚ್ಚಲುಮನೆಯಲ್ಲಿ ಟೈಲ್ ಹಾಕುವ ಮೊದಲು ವಾಟರ್‌ಪ್ರೂಫಿಂಗ್ ಮಾಡಿಸಿ, ಜಾಲಿ ಮುಚ್ಚಿ ಒಂದು ದಿನ ನೀರು ನಿಲ್ಲಿಸಿ ಕೆಳಗಿನ ಚಾವಣಿ ನೋಡಬೇಕು. ಕೂಲಿಯ ಕೊನೆಯ ಕಂತನ್ನು ನಾವು ನಾಣ್ಯ ತಟ್ಟಿ, ಬಕೆಟ್ ನೀರು ಸುರಿದು ನೋಡಿದ ಮೇಲೆಯೇ ಕೊಟ್ಟೆವು. ಮೇಸ್ತ್ರಿಯವರೂ ತಂಡದವರೂ ಅದಕ್ಕೆ ಮೊದಲೇ ಒಪ್ಪಿದ್ದರು.