ನರ್ಸರಿ ಸೈಟಿಗೆ ವರ್ಡ್‌ಪ್ರೆಸ್ ಬ್ಲಾಕ್ ಥೀಮ್: ಎಂಟು ತಿಂಗ್ಳು ಬಳಸಿದ್ಮೇಲೆ ನನ್ನ ಅನುಭವ

ಮುಳಬಾಗಿಲು ಹತ್ರ ನಮ್ ಚಿಕ್ಕಪ್ಪಂದು ತರಕಾರಿ ಸಸಿ ನರ್ಸರಿ ಐತೆ, ಟೊಮೇಟೊ, ಕ್ಯಾಪ್ಸಿಕಂ, ಮೆಣಸಿನಕಾಯಿ, ಕೋಸು, ಚೆಂಡುಹೂವು ಎಲ್ಲಾ ಸೇರಿ 14 ಥರ. ಸೈಟ್ ಮುಂಚೇನೇ ಇತ್ತು, ಒಬ್ರಿಗೆ ದುಡ್ಡು ಕೊಟ್ಟು ಮಾಡ್ಸಿದ್ದು, ಆದ್ರೆ ಒಂದೊಂದು ಪೇಜನ್ನೂ ಬೇರೆ ಬೇರೆಯಾಗಿ ಕೂರ್ಸಿದ್ರು. ಫೋನ್ ನಂಬರ್ ಬದ್ಲಾದಾಗ ಎಲ್ಲಾ ಪೇಜಲ್ಲೂ ತಿದ್ಬೇಕಾಯ್ತು, ಎರಡು ಕಡೆ ಹಳೇದೇ ಉಳ್ಕೊಂಡು ಆಂಧ್ರದ ಮದನಪಲ್ಲಿ ಕಡೆ ರೈತ್ರು ಆ ನಂಬರಿಗೇ ಫೋನ್ ಮಾಡಿ ಮಾಡಿ ಸಾಕಾಗಿ ಬೇರೆ ನರ್ಸರಿಗೆ ಹೋಗ್ಬಿಟ್ರು. "ಸಸಿ ಕಾಯಲ್ಲ ಕಣಪ್ಪ, ಟೊಮೇಟೊ 25-30 ದಿನಕ್ಕೆ ಟ್ರೇ ಬಿಟ್ಟು ಹೊಲಕ್ಕೆ ಹೋಗ್ಬೇಕು, ಉದ್ದ ಬೆಳೆದ್ರೆ ಯಾರು ತಗೊಂಡಾರು" ಅಂದ್ರು ಚಿಕ್ಕಪ್ಪ. ಅವತ್ತೇ ನಾನು ಇದನ್ನ ಕೈಗೆ ತಗೊಂಡೆ.

ಹಾಕಿರೋದು ವರ್ಡ್‌ಪ್ರೆಸ್ (ವೆಬ್‌ಸೈಟ್ ಮಾಡೋ ಸಾಫ್ಟ್‌ವೇರ್), ಅದರ ಮೇಲೆ ಟ್ವೆಂಟಿ ಟ್ವೆಂಟಿ-ಫೈವ್ ಅನ್ನೋ ಬ್ಲಾಕ್ ಥೀಮ್, ಅಂದ್ರೆ ತುಂಡು ತುಂಡು (ಬ್ಲಾಕ್) ಜೋಡಿಸಿ ಸೈಟಿನ ರೂಪ ಮಾಡ್ಕೊಳ್ಳೋದು. ಇದು 2024ರ ನವೆಂಬರಲ್ಲಿ ವರ್ಡ್‌ಪ್ರೆಸ್ 6.7 ಜೊತೆ ಬಂದಿದ್ದು, ಥೀಮಿಗೆ ಕಾಸಿಲ್ಲ, ಡೊಮೈನು ಹೋಸ್ಟಿಂಗ್ ಖರ್ಚು ಮಾತ್ರ. ಕೋಡ್ ಮುಟ್ಟದೆ ಇಡೀ ಸೈಟಿನ ಟೆಂಪ್ಲೇಟ್ (ಪೇಜುಗಳ ಚೌಕಟ್ಟು) ತಿದ್ದೋ ಎಡಿಟರ್ 2022ರ ಜನವರಿಯಲ್ಲಿ ವರ್ಡ್‌ಪ್ರೆಸ್ 5.9 ಜೊತೆ ಬಂತು. ಮೇಲಿನ ಹೆಡರ್ರು ಕೆಳಗಿನ ಫೂಟರ್ರು ಒಂದೊಂದೇ ತುಂಡು, ಎಲ್ಲಾ ಪೇಜೂ ಅದನ್ನೇ ತೋರ್ಸುತ್ತೆ, ಈಗ ನಂಬರ್ ಒಂದು ಕಡೆ ಬದ್ಲಾಯಿಸಿದ್ರೆ ಮುಗೀತು.

ನಂಗೆ ನಿಜವಾಗ್ಲೂ ಇಷ್ಟ ಆಗಿದ್ದು ಪ್ಯಾಟರ್ನ್, ಅಂದ್ರೆ ಒಂದ್ಸಲ ಮಾಡಿಟ್ಟು ಬೇಕಾದ ಕಡೆ ಬಳಸೋ ಅಚ್ಚು. ಒಂದು ಸಸಿಗೆ ಒಂದು ಕಾರ್ಡ್ ಮಾಡಿದೆ: ಫೋಟೋ, ಹೆಸರು, ಒಂದು ಸಸಿಗೆ ಎಷ್ಟು, ಯಾವಾಗ ಸಿಗುತ್ತೆ, ಬುಕಿಂಗ್ ಬಟನ್. ಇದನ್ನ ಸಿಂಕ್ಡ್ ಪ್ಯಾಟರ್ನ್ (ಒಂದು ಕಡೆ ತಿದ್ದಿದ್ರೆ ಎಲ್ಲಾ ಕಡೆ ಬದ್ಲಾಗೋದು) ಅಂತ ಸೇವ್ ಮಾಡಿ, ಹೆಸರು, ರೇಟು, ಫೋಟೋ, ಸಿಗೋ ದಿನಕ್ಕೆ ಮಾತ್ರ ಓವರ್‌ರೈಡ್ (ಆ ಜಾಗದಲ್ಲಿ ಮಾತ್ರ ಬೇರೆ ಬರೆಯೋ ಅವಕಾಶ) ಆನ್ ಮಾಡಿದ್ರೆ (ವರ್ಡ್‌ಪ್ರೆಸ್ 6.6ರಿಂದ ಈ ಸೌಲಭ್ಯ ಐತೆ) 14 ಕಾರ್ಡಲ್ಲೂ ಒಳಗಿನ ವಿಷಯ ಬೇರೆ ಬೇರೆ, ಅಚ್ಚು ಒಂದೇ. ಮೊನ್ನೆ ಚಿಕ್ಕಪ್ಪ ರೇಟು ದಪ್ಪಕ್ಕೆ ಕಾಣ್ಬೇಕು, ವಯಸ್ಸಾದೋರಿಗೆ ಕಾಣಲ್ಲ ಅಂದ್ರು, ಅಚ್ಚಲ್ಲಿ ಒಂದ್ಸಲ ತಿದ್ದಿದೆ, ಎಲ್ಲಾ ಕಾರ್ಡೂ ಸರಿಹೋಯ್ತು, ರೇಟುಗಳು ಹಂಗೇ ಇದ್ವು. ಆವತ್ತು ತುಂಬಾ ಖುಷಿ ಆಯ್ತು ನಂಗೆ.

ಕನ್ನಡದಲ್ಲಿ ಸೈಟ್ ಮಾಡೋರು ಇದೊಂದು ಗಮನ ಇಟ್ಟು ಓದಿ. ಥೀಮ್ ಜೊತೆ ಬರೋ ಮ್ಯಾನ್‌ರೋಪ್ ಫಾಂಟಲ್ಲಿ ಕನ್ನಡ ಅಕ್ಷರ ಇಲ್ಲ, ಅದಕ್ಕೆ ನೋಡೋರ ಫೋನಲ್ಲಿ ಯಾವ ಕನ್ನಡ ಫಾಂಟ್ ಇರುತ್ತೋ ಅದು ಬರುತ್ತೆ, ಒಬ್ಬೊಬ್ಬರಿಗೆ ಒಂದೊಂದು ಥರ. ಫಾಂಟ್ ಲೈಬ್ರರಿಗೆ ಹೋಗಿ ನೋಟೋ ಸಾನ್ಸ್ ಕನ್ನಡ ಹಾಕ್ಕೊಳ್ಳಿ. ಆಮೇಲೆ ಲೈನ್ ಹೈಟ್ (ಸಾಲುಗಳ ಮಧ್ಯದ ಅಂತರ) ಜಾಸ್ತಿ ಮಾಡ್ಲೇಬೇಕು, ನಮ್ಮ ಅಕ್ಷರಕ್ಕೆ ಕೆಳಗಡೆ ಒತ್ತು ಇರುತ್ತಲ್ಲ, "ಕ್ಯಾಪ್ಸಿಕಂ" ಅಂತ ಬರೆದ್ರೆ ಅದರ ಒತ್ತು ಕೆಳಗಿನ ಸಾಲಿಗೆ ತಾಕುತ್ತೆ. ನಾನು ಹೆಡಿಂಗಿಗೆ 1.4, ಉಳಿದಿದ್ದಕ್ಕೆ 1.7 ಇಟ್ಟಿದೀನಿ, ಲೆಟರ್ ಸ್ಪೇಸಿಂಗ್ (ಅಕ್ಷರಗಳ ನಡುವಿನ ಜಾಗ) ಸೊನ್ನೆ. ಕಾರ್ಡುಗಳನ್ನ ಕಾಲಮ್ ಬದ್ಲು ಗ್ರಿಡ್‌ನಲ್ಲಿ ಇಟ್ಟು ಕಮ್ಮಿ ಅಂದ್ರೆ ಇಷ್ಟು ಅಗಲ ಇರ್ಬೇಕು ಅಂತ ಕೊಡಿ, ಕಾರ್ಡು ತೀರಾ ಕಿರಿದಾದ್ರೆ ಸಣ್ಣ ಫೋನಲ್ಲಿ "ಮೆಣಸಿನಕಾಯಿ" ಅನ್ನೋ ಪದ ಕಾರ್ಡ್ ದಾಟಿ ಹೋಗುತ್ತೆ.

ಒಂದು ತಪ್ಪು ಮಾಡಿದ್ದೆ. ದಾರಿ ತೋರ್ಸೋ ಪೇಜಲ್ಲಿ ದೊಡ್ಡ ಫೋಟೋ ಬೇಡ ಅಂತ ತೆಗೆದೆ, ಆದ್ರೆ ನಾನು ಕೈ ಹಾಕಿದ್ದು ಎಲ್ಲಾ ಪೇಜಿಗೂ ಸೇರಿದ ಟೆಂಪ್ಲೇಟಿಗೆ, ಎಲ್ಲಾ ಕಡೆ ಫೋಟೋ ಹೋಯ್ತು. ರೀಸೆಟ್ ಒತ್ತಿದ್ರೆ ಥೀಮ್ ಬಂದಾಗ ಹೆಂಗಿತ್ತೋ ಹಂಗಾಯ್ತು, ನಾನು ಮಾಡ್ಕೊಂಡಿದ್ದ ಬದಲಾವಣೆ ಎಲ್ಲಾ ಅಳಿಸಿಹೋಯ್ತು, ಒಂದು ರಾತ್ರಿ ಕೂತು ಮತ್ತೆ ಮಾಡಿದೆ. ಒಂದು ಪೇಜು ಮಾತ್ರ ಬೇರೆ ಥರ ಬೇಕಂದ್ರೆ ಅದಕ್ಕೇ ಅಂತ ಹೊಸ ಟೆಂಪ್ಲೇಟ್ ಮಾಡಿ, ಸೇವ್ ಒತ್ತಿದಾಗ ಏನೇನು ಸೇವ್ ಆಗ್ತಿದೆ ಅಂತ ಪಟ್ಟಿ ತೋರ್ಸುತ್ತೆ, ಅದನ್ನ ಓದಿ ಒತ್ತಿ.

ಮೊದಲ ವಾರ ತಲೆ ಕೆಡುತ್ತೆ, ಯಾವುದು ಪೇಜು ಯಾವುದು ಟೆಂಪ್ಲೇಟು ಅಂತ ಗೊತ್ತಾಗೋವರೆಗೆ. ಅಂಗಡಿ, ನರ್ಸರಿ, ಮಾವಿನ ಮಂಡಿ ಥರ ರೇಟು ಸ್ಟಾಕು ದಿನಾ ಬದ್ಲಾಗೋ ವ್ಯಾಪಾರ ಇರೋರಿಗೆ ನಾನು ಧೈರ್ಯವಾಗಿ ಹೇಳ್ತೀನಿ, ತಗೊಳ್ಳಿ. ಈಗ ಅದೇ ಟೆಂಪ್ಲೇಟಿಗೆ ತೆಲುಗು ಪೇಜುಗಳನ್ನೂ ಹಾಕ್ತಾ ಇದೀನಿ, ಮದನಪಲ್ಲಿ, ಪಲಮನೇರು ಕಡೆ ರೈತ್ರಿಗೆ.