ಕಂಪ್ಯೂಟರ್ ಲ್ಯಾಬ್‌ಗೆ ವೇಯಾನ್ (Veyon) ಅನ್ನೋ ಕ್ಲಾಸ್‌ರೂಂ ಸಾಫ್ಟ್‌ವೇರ್ ಹಾಕಿ ಎರಡು ವರ್ಷ ಆಯ್ತು, ಬಳಸಿದ್ಮೇಲೆ ಗೊತ್ತಾಗಿದ್ದನ್ನ ಬರೀತಿದೀನಿ

ನಮ್ದು ಹೈಸ್ಕೂಲು ಪಿಯು ಎರಡೂ ಒಟ್ಟಿಗಿರೋ ಸಂಸ್ಥೆ, ಲ್ಯಾಬಲ್ಲಿ 30 ಸಿಸ್ಟಂ, ಎಲ್ಲಾ ವಿಂಡೋಸ್ 10. ಹೈಸ್ಕೂಲ್ ಮಕ್ಕಳಿಗೆ ನುಡಿ ಟೈಪಿಂಗ್, ಪಿಯು ಮಕ್ಕಳಿಗೆ ಪೈಥಾನ್ ಪ್ರೋಗ್ರಾಮಿಂಗ್, ನೋಡ್ಕೊಳ್ಳೋಕೆ ನಾನೊಬ್ಳೇ. ಎರಡು ವರ್ಷದ ಹಿಂದೆ ಒಬ್ರು ಕ್ಲಾಸ್‌ರೂಂ ಸಾಫ್ಟ್‌ವೇರ್, ಅಂದ್ರೆ ಟೀಚರ್ ತನ್ನ ಸಿಸ್ಟಂನಿಂದಲೇ ಮಕ್ಕಳ ಸಿಸ್ಟಂ ನೋಡಿ ನಡೆಸೋ ಸಾಫ್ಟ್‌ವೇರ್, ಮಾರೋಕೆ ಬಂದಿದ್ರು, ಮಾನಿಟರಿಂಗ್ ಇದೆ ಮೇಡಂ, ಮ್ಯಾನೇಜ್ಮೆಂಟ್ ಇದೆ, ರಿಮೋಟ್ ಇದೆ, ಡೆಮೊ ಇದೆ ಅಂತ ಒಂದೇ ಉಸಿರಲ್ಲಿ ಹೇಳಿ ಸಿಸ್ಟಂಗೆ ಇಷ್ಟು ಅಂತ ವರ್ಷಾವರ್ಷ ಕಟ್ಟೋ ರೇಟ್ ಕೊಟ್ಟು ಹೋದ್ರು. ಅವರು ಹೇಳಿದ ಪದಗಳಲ್ಲಿ ಅರ್ಧಕ್ಕರ್ಧ ನನಗೆ ಆಗ ಅರ್ಥ ಆಗಿರ್ಲಿಲ್ಲ. ನಮ್ಮ ಆಡಳಿತ ಮಂಡಳಿ ಅಷ್ಟು ದುಡ್ಡು ಕೊಡಲ್ಲ ಅಂತ ಗೊತ್ತಿತ್ತು, ಹುಡುಕ್ತಾ ಹೋದಾಗ ಸಿಕ್ಕಿದ್ದು ಈ ವೇಯಾನ್. ಜರ್ಮನಿಯಲ್ಲಿ ಹುಟ್ಟಿದ್ದು, ಮೊದಲು ಐಟ್ಯಾಲ್ಕ್ ಅಂತ ಇತ್ತು, ಈಗ ಈ ಹೆಸರಲ್ಲಿ ಮುಂದುವರಿಸಿದಾರೆ. ಓಪನ್ ಸೋರ್ಸ್, ಜಿಪಿಎಲ್ ಲೈಸೆನ್ಸ್, ಅಂದ್ರೆ ಇದರ ಕೋಡನ್ನ ಯಾರು ಬೇಕಾದ್ರೂ ನೋಡಿ ಬಳಸ್ಬಹುದು, ಒಂದು ರೂಪಾಯಿ ಕೊಡೋ ಹಾಗಿಲ್ಲ, ವಿಂಡೋಸ್ ಲಿನಕ್ಸ್ ಎರಡರಲ್ಲೂ ಓಡುತ್ತೆ.

ನನಗೆ ಇದರಲ್ಲಿ ತುಂಬಾ ಉಪಯೋಗಕ್ಕೆ ಬಂದಿದ್ದು ಡೆಮೊ. ಎಲ್ರೂ ಇಂಥ ಸಾಫ್ಟ್‌ವೇರ್ ಅಂದ್ರೆ ಮಕ್ಕಳು ಏನು ಮಾಡ್ತಿದಾರೆ ಅಂತ ನೋಡೋಕೆ ಅಂತಾರೆ, ನಾನು ಹೇಳೋದು, ನಮ್ಮದನ್ನ ಮಕ್ಕಳಿಗೆ ತೋರಿಸೋಕೆ ಮೊದಲು. ನುಡಿ ಕಲಿಸೋದೇ ತಗೊಳ್ಳಿ. ‘ಕನ್ನಡ’ ಅಂತ ಟೈಪ್ ಮಾಡ್ಬೇಕಂದ್ರೆ ಕೆ, ಎನ್, ಆಮೇಲೆ ಒತ್ತಕ್ಷರಕ್ಕೆ ಎಫ್, ಮತ್ತೆ ಎನ್, ಕೊನೆಗೆ ಡ ಬರೋಕೆ ಡಬ್ಲ್ಯು. ಆ ಎಫ್ ಒತ್ತಿದ ತಕ್ಷಣ ಸ್ಕ್ರೀನಲ್ಲಿ ನ ಇದ್ದಿದ್ದು ನ್ ಆಗೋದನ್ನ ಮಗು ಕಣ್ಣಾರೆ ನೋಡ್ಬೇಕು, ಆಗ್ಲೇ ತಲೆಗೆ ಹೋಗೋದು. ಮೊದ್ಲು 30 ಮಕ್ಕಳನ್ನ ನನ್ನ ಮಾನಿಟರ್ ಸುತ್ತ ನಿಲ್ಲಿಸ್ಕೊಂಡು ತೋರಿಸ್ತಿದ್ದೆ, ಹಿಂದೆ ನಿಂತವರಿಗೆ ಮುಂದಿನವರ ಜಡೆ ಬಿಟ್ಟು ಬೇರೇನೂ ಕಾಣ್ತಿರ್ಲಿಲ್ಲ. ಈಗ ಫುಲ್ ಸ್ಕ್ರೀನ್ ಡೆಮೊ ಒತ್ತಿದ್ರೆ ನನ್ನ ಸ್ಕ್ರೀನ್ ಎಲ್ಲರ ಸ್ಕ್ರೀನಿಗೂ ಹೋಗುತ್ತೆ, ಅವರ ಕೀಬೋರ್ಡ್ ಮೌಸ್ ಅಷ್ಟು ಹೊತ್ತು ನಿಂತಿರುತ್ತೆ. ಇನ್ನೊಂದು ವಿಂಡೋ ಡೆಮೊ ಅಂತಿದೆ, ಅದರಲ್ಲಿ ನನ್ನ ಸ್ಕ್ರೀನ್ ಅವರಿಗೆ ಒಂದು ವಿಂಡೋ ಒಳಗೆ ಕಾಣುತ್ತೆ, ಪಕ್ಕದಲ್ಲೇ ಅವರೂ ಟೈಪ್ ಮಾಡ್ತಾ ಹೋಗ್ಬಹುದು, ಪೈಥಾನ್ ಕ್ಲಾಸಿಗೆ ನಾನು ಇದನ್ನೇ ಬಳಸೋದು.

ಮಾನಿಟರಿಂಗ್ ಅಂದ್ರೆ ಬರೀ ನೋಡೋದು ಅಷ್ಟೇ, 30 ಸ್ಕ್ರೀನೂ ಸಣ್ಣ ಸಣ್ಣ ಚಿತ್ರವಾಗಿ ನನ್ನ ಮುಂದೆ ಇರುತ್ತೆ. ಲಾಕ್ ಮಾಡೋದು, ರೀಬೂಟ್, ಶಟ್‌ಡೌನ್, ಮೆಸೇಜ್ ಕಳಿಸೋದು, ಫೈಲ್ ಹಂಚೋದು, ಒಂದು ವೆಬ್‌ಸೈಟನ್ನ ಎಲ್ಲರ ಹತ್ರ ಒಟ್ಟಿಗೆ ತೆಗೆಯೋದು, ಇದೆಲ್ಲ ಮ್ಯಾನೇಜ್ಮೆಂಟ್. ಹಾಗೇ ರಿಮೋಟ್ ವ್ಯೂ ಬೇರೆ, ರಿಮೋಟ್ ಕಂಟ್ರೋಲ್ ಬೇರೆ, ಮೊದಲನೇದ್ರಲ್ಲಿ ಒಂದು ಸ್ಕ್ರೀನನ್ನ ದೊಡ್ಡದಾಗಿ ನೋಡ್ಬಹುದು ಆದ್ರೆ ಮುಟ್ಟೋಕಾಗಲ್ಲ, ಎರಡನೇದ್ರಲ್ಲಿ ಮೌಸು ಕೀಬೋರ್ಡು ನಮ್ಮ ಕೈಗೂ ಬರುತ್ತೆ. ಈ ವ್ಯತ್ಯಾಸ ಟೀಚರ್‌ಗಳಿಗೆ ಗೊತ್ತಿರ್ಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಹಿಂದಿನ ಸಾಲಲ್ಲಿ ಕೂರೋ ಒಬ್ಳು ಹುಡುಗಿ ಯಾವತ್ತೂ ಡೌಟ್ ಕೇಳಿದವಳಲ್ಲ, ಒಂದಿನ ಅವಳ ಸಣ್ಣ ಚಿತ್ರದಲ್ಲಿ ಅದೇ ಕೆಂಪು ಎರರ್ ಮತ್ತೆ ಮತ್ತೆ ಬರ್ತಿತ್ತು, ರಿಮೋಟ್ ವ್ಯೂ ತೆಗೆದು ನೋಡಿದ್ರೆ ಇಫ್ (if) ಲೈನ್ ಕೊನೆಗೆ ಕೋಲನ್ (:) ಹಾಕಿಲ್ಲ, ಆದ್ರೆ ಅವಳು ಕೆಳಗಿನ ಲೈನನ್ನ ಅಳಿಸ್ತಾಳೆ ಬರೀತಾಳೆ, ಮತ್ತೆ ಅಳಿಸ್ತಾಳೆ. ಕಂಟ್ರೋಲ್ ತಗೊಂಡು ನಾನೇ ಕೋಲನ್ ಹಾಕಿದ್ರೆ ಎರಡು ಸೆಕೆಂಡಿನ ಕೆಲಸ. ಹಾಕ್ಲಿಲ್ಲ, ಎದ್ದು ಹೋಗಿ ಪಕ್ಕದಲ್ಲಿ ಕೂತು ಮೇಲಿನ ಲೈನ್ ಜೋರಾಗಿ ಓದು ಅಂದೆ, ಓದ್ತಾ ಓದ್ತಾ ಅವಳೇ ಹಿಡಿದ್ಲು. ಮಗು ಟೈಪ್ ಮಾಡೋವಾಗ ಕರ್ಸರ್ ತಾನಾಗೇ ಓಡಾಡೋಕೆ ಶುರುವಾದ್ರೆ ಅದಕ್ಕೆ ಭಯ ಆಗುತ್ತೆ, ಅದಕ್ಕೇ ನಾನು ಕಂಟ್ರೋಲ್ ಬಳಸೋದು ತೀರಾ ಕಮ್ಮಿ.

ಈಗ ಸೆಟಪ್ ವಿಷಯ, ಇಲ್ಲಿ ದಯವಿಟ್ಟು ಗಮನ ಕೊಡಿ. ವೇಯಾನಲ್ಲಿ ಯಾರು ಮಕ್ಕಳ ಸ್ಕ್ರೀನ್ ನೋಡ್ಬಹುದು ಅಂತ ಗುರುತು ಹಿಡಿಯೋಕೆ ಕೀ ಫೈಲ್ ಅಂತ ಬರುತ್ತೆ, ಪ್ರೈವೇಟ್ ಕೀ ಒಂದು ಪಬ್ಲಿಕ್ ಕೀ ಒಂದು. ಪಬ್ಲಿಕ್ ಕೀ ಮಕ್ಕಳ ಸಿಸ್ಟಂಗೆ, ಪ್ರೈವೇಟ್ ಕೀ ಟೀಚರ್ ಸಿಸ್ಟಂಗೆ ಮಾತ್ರ, ಅದೊಂಥರ ಬೀರುವಿನ ಬೀಗದ ಕೈ ಇದ್ದಂಗೆ. ನಮಗೆ ಮೊದಲ ಸಲ ಹಾಕಿಕೊಟ್ಟವರು ಒಂದು ಸಿಸ್ಟಂನ ಪೂರ್ತಿ ಕಾಪಿ ತೆಗೆದು 30ಕ್ಕೂ ಹಾಕಿಬಿಟ್ಟಿದ್ರು, ಅಂದ್ರೆ ಪ್ರೈವೇಟ್ ಕೀನೂ ಎಲ್ಲಾ ಕಡೆ, ಟೀಚರ್ ಎಲ್ಲರ ಸ್ಕ್ರೀನ್ ನೋಡೋ ಮಾಸ್ಟರ್ ಪ್ರೋಗ್ರಾಮೂ ಎಲ್ಲಾ ಕಡೆ. ತಿಂಗಳಾದ್ಮೇಲೆ ಒಬ್ಬ ಹುಡುಗ ಬಂದು ಮೇಡಂ ನನ್ನ ಸಿಸ್ಟಮಲ್ಲೂ ಎಲ್ಲರದ್ದೂ ಕಾಣುತ್ತೆ ಅಂದಾಗ ನನಗೆ ಕೈಕಾಲೇ ಆಡ್ಲಿಲ್ಲ, ಅವನು ಬಂದು ಹೇಳಿದ್ದೇ ನಮ್ಮ ಪುಣ್ಯ. ಅವತ್ತೇ ಹಳೇ ಕೀ ಎರಡೂ ತೆಗೆದುಹಾಕಿ ವೇಯಾನ್‌ನ ಸೆಟ್ಟಿಂಗ್ಸ್ ಪ್ರೋಗ್ರಾಂ ಕಾನ್ಫಿಗರೇಟರಲ್ಲಿ ಹೊಸ ಜೋಡಿ ಮಾಡಿ, ಮಕ್ಕಳ ಸಿಸ್ಟಂಗೆಲ್ಲ ಮಾಸ್ಟರ್ ಇಲ್ಲದೆ ಮತ್ತೆ ಇನ್ಸ್ಟಾಲ್ ಮಾಡ್ದೆ, ಇನ್ಸ್ಟಾಲ್ ಮಾಡೋವಾಗ ಮಾಸ್ಟರ್ ಬಿಡೋ ಆಯ್ಕೆ ಅಲ್ಲೇ ಇರುತ್ತೆ. ಉಳಿದ ಸೆಟ್ಟಿಂಗ್ಸ್ ಒಂದು ಫೈಲಾಗಿ ಸೇವ್ ಮಾಡಿ ಬೇರೆ ಸಿಸ್ಟಂಗೆ ಹಾಕ್ಬಹುದು, ಒಂದೊಂದ್ರಲ್ಲೂ ಕೂತು ಮಾಡೋ ಅಗತ್ಯ ಇಲ್ಲ.

ಇನ್ನೊಂದು ತಪ್ಪು ನಂದೇ. ಸಿಸ್ಟಂಗಳನ್ನ ವೇಯಾನ್ ಲಿಸ್ಟಿಗೆ ಸೇರಿಸೋವಾಗ ಐಪಿ ಅಡ್ರೆಸ್ (ನೆಟ್‌ವರ್ಕಲ್ಲಿ ಸಿಸ್ಟಂಗೆ ಸಿಗೋ ನಂಬರ್) ಕೊಟ್ಟಿದ್ದೆ, ರೂಟರ್ ಆ ಐಪಿಗಳನ್ನ ಬದಲಾಯಿಸಿ ಹಂಚಿಬಿಟ್ಟಿದೆ, ನಾನು ಹ್ಯಾಂಗ್ ಆಗಿದ್ದ 12ನೇ ಸಿಸ್ಟಂ ಅಂದ್ಕೊಂಡು ರೀಬೂಟ್ ಕೊಟ್ಟಿದ್ದು 7ನೇದಕ್ಕೆ, ಅಲ್ಲಿ ಕೂತಿದ್ದ ಮಗು ಮುಕ್ಕಾಲು ಗಂಟೆ ಟೈಪ್ ಮಾಡಿದ್ದ ಪತ್ರ ಹೋಯ್ತು, ಆ ಮಗು ಏನೂ ಅನ್ಲಿಲ್ಲ, ಮತ್ತೆ ಮೊದಲಿಂದ ಶುರು ಮಾಡ್ತು, ನನಗೆ ಇವತ್ತಿಗೂ ಬೇಜಾರಿದೆ. ಈಗ ಐಪಿ ಬದಲು ಕಂಪ್ಯೂಟರ್ ಹೆಸರು ಕೊಟ್ಟಿದೀನಿ, ಅದೇ ಹೆಸರನ್ನ ಮಾನಿಟರ್ ಮೇಲೂ ಅಂಟಿಸಿದೀನಿ. ನೆಟ್‌ವರ್ಕಲ್ಲಿ ಫೈರ್‌ವಾಲ್ (ಬೇಡದ ಸಂಪರ್ಕ ತಡೆಯೋ ವ್ಯವಸ್ಥೆ) ಇದ್ರೆ ವೇಯಾನ್‌ಗೆ 11100ನೇ ಪೋರ್ಟ್, ಅಂದ್ರೆ ಆ ನಂಬರಿನ ಬಾಗಿಲು, ತೆರೆದಿಡಬೇಕು, ಡೆಮೊಗೆ 11400.

ಬೆಳಿಗ್ಗೆ ನನ್ನ ಜಾಗದಿಂದಲೇ ಎಲ್ಲಾ ಸಿಸ್ಟಂ ಆನ್ ಮಾಡೋದಿದೆಯಲ್ಲ, ಅದಕ್ಕೆ ವೇಕ್ ಆನ್ ಲ್ಯಾನ್ ಅಂತಾರೆ, ಪ್ರತಿ ಸಿಸ್ಟಂನ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರುತಿನ ನಂಬರ್) ವೇಯಾನ್ ಲಿಸ್ಟಲ್ಲಿ ಹಾಕ್ಬೇಕು, ಆ ಸಿಸ್ಟಂನ ಬಯಾಸಲ್ಲಿ, ಅಂದ್ರೆ ವಿಂಡೋಸ್‌ಗಿಂತ ಮುಂಚೆ ಬರೋ ಸೆಟ್ಟಿಂಗ್ಸಲ್ಲಿ, ವೇಕ್ ಆನ್ ಲ್ಯಾನ್ ಆನ್ ಮಾಡ್ಬೇಕು, ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ ನೋಡಿ, ನಮ್ಮಲ್ಲಿ ಅದು ಮಾಡಿದ್ಮೇಲೇ ಕೆಲಸ ಮಾಡಿದ್ದು. ಕಡಿಮೆ ಅನಿಸೋದು ಒಂದೇ, ಇಂಟರ್ನೆಟ್ ಬ್ಲಾಕ್ ಮಾಡೋದು ಫ್ರೀ ಆವೃತ್ತಿಯಲ್ಲಿ ಬರಲ್ಲ, ಅದು ದುಡ್ಡು ಕೊಟ್ಟು ತಗೊಳ್ಳೋ ಆಡ್ ಆನ್. ಟ್ಯಾಬು ಮೊಬೈಲಲ್ಲಿ ಪಾಠ ಮಾಡೋರಿಗೆ ಇದು ಆಗಿಬರಲ್ಲ. ಪೂರ್ತಿ ಲಿನಕ್ಸ್ ಲ್ಯಾಬ್ ಇರೋರು ಎಪಾಪ್ಟೀಸ್ ಕೂಡ ನೋಡಿ, ಅದೂ ಫ್ರೀ.

ಮಕ್ಕಳ ಸಿಸ್ಟಮಲ್ಲಿ ಕೆಳಗಡೆ ಗಡಿಯಾರದ ಪಕ್ಕ ವೇಯಾನ್ ಐಕಾನ್ ಕಾಣುತ್ತೆ, ಬೇಡ ಅಂದ್ರೆ ಮರೆ ಮಾಡೋ ಸೆಟ್ಟಿಂಗ್ ಇದೆ. ನಾನು ಮರೆ ಮಾಡಿಲ್ಲ. ವರ್ಷದ ಮೊದಲ ಕ್ಲಾಸಲ್ಲೇ ಆ ಐಕಾನ್ ತೋರಿಸಿ, ಇದು ಇದ್ದಾಗ ನಿಮ್ಮ ಸ್ಕ್ರೀನ್ ನನಗೆ ಕಾಣುತ್ತೆ, ಪರ್ಸನಲ್ ಮೇಲ್ ಇಲ್ಲಿ ತೆಗೀಬೇಡಿ ಅಂತ ಹೇಳಿ, ಒಬ್ಬ ಹುಡುಗನ್ನೋ ಹುಡುಗಿನೋ ಕರೆದು ನನ್ನ ಕುರ್ಚಿಲಿ ಕೂರಿಸಿ 30 ಸ್ಕ್ರೀನೂ ಹೇಗೆ ಕಾಣುತ್ತೆ ಅಂತ ತೋರಿಸ್ತೀನಿ.